ಅವರ ಕಾರು ಮೂತಿ ಎತ್ತಿತೆಂದು ನಮ್ಮದೂ ಎತ್ತಬೇಕೆ?



ಭಾನುವಾರ ಬೆಳಗ್ಗೆ ನಿಮ್ಮ ಏರಿಯಾದ ಯಾವುದಾದರೊಂದು ಗ್ಯಾರೇಜಿನ ಮುಂದೆ ಹೋಗಿ ನಿಂತು ನೋಡಿ. ಅಲ್ಲೊಬ್ಬ ಹುಡುಗ ಇದ್ದೇ ಇರುತ್ತಾನೆ. ಇಪ್ಪತ್ತೆರಡೋ ಇಪ್ಪತ್ಮೂರೋ ವಯಸ್ಸು. ಅಪ್ಪನ ದುಡ್ಡಿನದೋ ಬ್ಯಾಂಕಿನ ಸಾಲದ್ದೋ ಒಂದು ಸಣ್ಣ ಕಾರು. ಕೈಯಲ್ಲಿ ಮೊಬೈಲು, ಅದರಲ್ಲಿ ಅಮೆರಿಕದ ಡ್ರ್ಯಾಗ್ ರೇಸು. ಹಸಿರು ದೀಪ ಹತ್ತಿದ್ದೇ ತಡ, ಅಲ್ಲಿನ ಕಾರು ಮೂತಿ ಎತ್ತಿ, ಮುಂದಿನ ಚಕ್ರಗಳನ್ನು ಗಾಳಿಯಲ್ಲಿ ಆಡಿಸುತ್ತ ಬಾಣದ ಹಾಗೆ ಹೊರಟುಬಿಡುತ್ತದೆ. ನಮ್ಮ ಹುಡುಗ ಅದನ್ನು ಮೆಕ್ಯಾನಿಕ್ಕನಿಗೆ ತೋರಿಸಿ ಹೇಳುತ್ತಾನೆ: "ಅಣ್ಣಾ, ನಂದೂ ಹಿಂಗೇ ಎದ್ದೇಳ್ಬೇಕು. ಮುಂದಿನ ಸ್ಪ್ರಿಂಗ್ ಮೆತ್ತಗೆ ಮಾಡಿಬಿಡು."

ನಾನು ಕಣ್ಣಾರೆ ಕಂಡ ಒಂದು ಗ್ಯಾರೇಜಿನಲ್ಲಿ ಆ ಮೆಕ್ಯಾನಿಕ್ ನಕ್ಕು ಹೇಳಿದ: "ಎದ್ದೇಳುತ್ತೆ ಕಣಪ್ಪಾ. ಆದ್ರೆ ಮುಂದಕ್ಕೆ ಹೋಗಲ್ಲ."

ಹುಡುಗ ಕೇಳಲಿಲ್ಲ. ದುಡ್ಡು ಅವನದು, ಹಟವೂ ಅವನದು. ಸ್ಪ್ರಿಂಗ್ ಬದಲಾಯಿತು. ಸ್ಪರ್ಧೆಯ ದಿನ ಕಾರು ನಿಜಕ್ಕೂ ಮೂತಿ ಎತ್ತಿತು. ಎತ್ತಿದ್ದೇ ತಡ ಮುಂದಿನ ಟೈರುಗಳು ನಿಂತಲ್ಲೇ ಗಿರಗಿರ ತಿರುಗಿದವು. ಹೊಗೆ ಬಂತು, ಕಾರು ಬರಲಿಲ್ಲ. ಕಂಪನಿಯಿಂದ ಬಂದಂತೆಯೇ ಇದ್ದ ಪಕ್ಕದ ಕಾರೊಂದು ಸದ್ದಿಲ್ಲದೆ ಗೆದ್ದುಕೊಂಡು ಹೋಯಿತು.

ಇದನ್ನು ಓದಿ ನಗಬೇಡಿ. ನಮ್ಮ ಕಾಯಿಲೆಯೇ ಇದು. ಹೊರಗಿನವರು ಏನು ಮಾಡಿದರು ಎಂದು ನೋಡುತ್ತೇವೆ, ಏಕೆ ಮಾಡಿದರು ಎಂದು ಕೇಳುವುದಿಲ್ಲ. ಉಡುಪಿನಲ್ಲಿ ಈ ನಕಲು ನಡೆದರೆ ಜೇಬು ಮಾತ್ರ ಖಾಲಿಯಾಗುತ್ತದೆ. ಕಾರಿನ ಸಸ್ಪೆನ್ಷನ್ನಿನಲ್ಲಿ ನಡೆದರೆ ಜೀವವೇ ಹೋಗಬಹುದು. ಹೇಗೆಂದು ಕೊನೆಗೆ ಹೇಳುತ್ತೇನೆ. ಮೊದಲು ಲೆಕ್ಕ.

ಹೈಸ್ಕೂಲಿನ ಲೆಕ್ಕ ಸಾಕು

ಡ್ರ್ಯಾಗ್ ರೇಸೆಂದರೆ ಎರಡು ಕಾರು, ಒಂದು ನೇರ ದಾರಿ, ನಿಂತಲ್ಲಿಂದ ಓಟ. ಹಳೆಯ ಅಳತೆಯಲ್ಲಿ ಕಾಲು ಮೈಲಿ, ನಮ್ಮ ಅಳತೆಯಲ್ಲಿ 402 ಮೀಟರ್. ತಿರುವಿಲ್ಲ. ಹಾಗಾಗಿ ಇದು ಬರೀ ಎಂಜಿನ್ನಿನ ಆಟವೆಂದು ಹಲವರ ನಂಬಿಕೆ. ಎಂಜಿನ್ ಎಷ್ಟೇ ಕುದುರೆಯದ್ದಿರಲಿ, ನೆಲವನ್ನು ಮುಟ್ಟುವುದು ಟೈರಿನ ಅಂಗೈಯಷ್ಟಗಲದ ರಬ್ಬರು ಮಾತ್ರ. ಆ ರಬ್ಬರು ನೆಲವನ್ನು ಎಷ್ಟು ಬಿಗಿಯಾಗಿ ಹಿಡಿಯುತ್ತದೆ ಎಂಬುದು ಅದರ ಮೇಲೆ ಎಷ್ಟು ಭಾರ ಕೂತಿದೆ ಎಂಬುದರ ಮೇಲೆ ನಿಂತಿದೆ.

ಬಸ್ಸು ದಿಢೀರನೆ ಹೊರಟಾಗ ನೀವು ಹಿಂದಕ್ಕೆ ವಾಲುತ್ತೀರಲ್ಲ, ಕಾರಿನ ಭಾರವೂ ಹಾಗೆಯೇ ಹಿಂದಕ್ಕೆ ವಾಲುತ್ತದೆ. ಎಷ್ಟು ವಾಲುತ್ತದೆ? ಕಾರಿನ ತೂಕವನ್ನು ವೇಗ ಏರುವ ದರದಿಂದ ಗುಣಿಸಿ, ಗುರುತ್ವ ಕೇಂದ್ರದ ಎತ್ತರದಿಂದ ಗುಣಿಸಿ, ಮುಂದಿನ ಹಾಗೂ ಹಿಂದಿನ ಆಕ್ಸಲ್‌ಗಳ ನಡುವಿನ ಅಂತರದಿಂದ ಭಾಗಿಸಿ. ಅಷ್ಟೇ.

ಒಂದು ಉದಾಹರಣೆ. ಡ್ರೈವರನೂ ಸೇರಿ 1000 ಕಿಲೋ ತೂಕದ ಸಣ್ಣ ಕಾರು. ನಿಂತಿರುವಾಗ ಮುಂದಿನ ಚಕ್ರಗಳ ಮೇಲೆ 600 ಕಿಲೋ, ಹಿಂದೆ 400. ಆಕ್ಸಲ್‌ಗಳ ಅಂತರ 2.4 ಮೀಟರ್, ಗುರುತ್ವ ಕೇಂದ್ರದ ಎತ್ತರ ಅರ್ಧ ಮೀಟರ್. ಕಾರು ಅರ್ಧ 'ಜಿ' ದರದಲ್ಲಿ, ಅಂದರೆ ಸೆಕೆಂಡಿಗೆ ಸುಮಾರು 18 ಕಿಲೋಮೀಟರ್ ವೇಗ ಏರಿಸಿಕೊಳ್ಳುತ್ತ ಹೊರಟಿತು ಎನ್ನಿ. ಆಗ ಮುಂದಿನಿಂದ ಹಿಂದಕ್ಕೆ ಹೋಗುವ ಭಾರ ಸುಮಾರು 104 ಕಿಲೋ. ಮುಂದೆ ಉಳಿದದ್ದು 496, ಹಿಂದೆ ಕೂತದ್ದು 504.

ಈಗ ಕೇಳಬೇಕಾದದ್ದು ಒಂದೇ ಪ್ರಶ್ನೆ. ನಿಮ್ಮ ಕಾರಿನ ಎಂಜಿನ್ ತಿರುಗಿಸುವುದು ಯಾವ ಚಕ್ರವನ್ನು?

ಅವರು ಎತ್ತಿದ್ದು ಏಕೆ?

ಆ ವಿಡಿಯೋದ ಕಾರುಗಳಲ್ಲಿ ಎಂಜಿನ್ ತಿರುಗಿಸುವುದು ಹಿಂದಿನ ಚಕ್ರವನ್ನು. ಹಿಂದಕ್ಕೆ ಹೋದ ಪ್ರತಿ ಕಿಲೋ ಭಾರವೂ ಅವರಿಗೆ ಲಾಭ. ಹಾಗಾಗಿ ಭಾರವನ್ನು ಹಿಂದಕ್ಕೆ ಕಳಿಸಲು ಅವರು ಮಾಡದ ಸರ್ಕಸ್ಸಿಲ್ಲ.

1959ರಲ್ಲಿ ಡೆಟ್ರಾಯಿಟ್‌ನ ರಾಷ್ಟ್ರೀಯ ಸ್ಪರ್ಧೆಗೆ ಒಂದು ವಿಚಿತ್ರ ಕಾರು ಬಂತು. 1949ರ ಹಳೆಯ ಪ್ಲೈಮತ್. ಎಲ್ಲರೂ ಕಾರನ್ನು ತಗ್ಗಿಸುತ್ತಿದ್ದ ಕಾಲದಲ್ಲಿ ಇದನ್ನು ಮಾತ್ರ ಬೇಕೆಂದೇ ಎತ್ತರಿಸಿ, ಎಂಜಿನ್ನನ್ನೂ ಮೇಲೆ ಕೂರಿಸಿದ್ದರು. 'ಹೈ ಅಂಡ್ ಮೈಟಿ' ಎಂಬ ಹೆಸರಿನ ಆ ಕಾರನ್ನು ಕಟ್ಟಿದವರು 'ರಾಮ್‌ಚಾರ್ಜರ್ಸ್' ತಂಡದವರು. ಅವರು ಬೀದಿ ಪುಂಡರಲ್ಲ, ಕ್ರೈಸ್ಲರ್ ಕಂಪನಿಯ ತರುಣ ಎಂಜಿನಿಯರುಗಳು. ಗುರುತ್ವ ಕೇಂದ್ರ ಎತ್ತರವಾದಷ್ಟೂ ಹಿಂದಿನ ಚಕ್ರಕ್ಕೆ ಹೆಚ್ಚು ಭಾರ ಎಂಬ ಮೇಲಿನ ಲೆಕ್ಕವನ್ನೇ ಅವರು ಕಬ್ಬಿಣದಲ್ಲಿ ಬರೆದು ತೋರಿಸಿದರು.

1965ರಲ್ಲಿ ಅದೇ ಕಂಪನಿಯ ರೇಸ್ ಕಾರುಗಳಲ್ಲಿ ಹಿಂದಿನ ಆಕ್ಸಲನ್ನು 15 ಇಂಚು, ಮುಂದಿನದನ್ನು 10 ಇಂಚು ಮುಂದಕ್ಕೆ ಸರಿಸಿದರು. ಕಾರಿನ ತೂಕದಲ್ಲಿ ಹೆಚ್ಚಿನ ಪಾಲು ಹಿಂದಿನ ಚಕ್ರದ ಮೇಲೆ ಬಂತು. ನೋಡಲು ಸೊಟ್ಟಗೆ ಕಂಡ ಆ ಕಾರುಗಳಿಂದಲೇ 'ಫನ್ನಿ ಕಾರ್' ಎಂಬ ಹೆಸರು ಹುಟ್ಟಿತು.

ಇನ್ನು ಶಾಕ್ ಅಬ್ಸಾರ್ಬರ್. ಅಲ್ಲಿ ಮುಂಭಾಗಕ್ಕೆ '90/10' ಎಂಬ ಬಗೆಯದನ್ನು ಹಾಕುತ್ತಾರೆ. ಎಳೆದರೆ ಸಲೀಸಾಗಿ ಉದ್ದವಾಗುತ್ತದೆ, ಒತ್ತಿದರೆ ಮೊಂಡಾಟ ಮಾಡುತ್ತದೆ. ಅಂದರೆ ಮೂತಿ ಬೇಗ ಏಳಬೇಕು, ನಿಧಾನವಾಗಿ ಇಳಿಯಬೇಕು. ಬೇಗ ಇಳಿದರೆ ಹಿಂದಿನ ಚಕ್ರದ ಭಾರ ಕದಲಿ ಹಿಡಿತ ತಪ್ಪುತ್ತದೆ.

ನೋಡಿದಿರಾ? ಮೂತಿ ಎತ್ತಿದ್ದು ಶೋಕಿಗಲ್ಲ. ಅವರ ಕಾರಿಗೆ ಅವರೇ ಹಾಕಿದ ಲೆಕ್ಕದ ಫಲ ಅದು. ಅಲ್ಲಿನ ಅತಿ ವೇಗದ 'ಟಾಪ್ ಫ್ಯುಯೆಲ್' ಗಾಡಿಗೆ ಸ್ಪ್ರಿಂಗೂ ಇಲ್ಲ, ಶಾಕ್ ಅಬ್ಸಾರ್ಬರೂ ಇಲ್ಲ. ಉದ್ದನೆಯ ಚಾಸಿಯ ಬಾಗುವಿಕೆ ಮತ್ತು ದೊಡ್ಡ ಟೈರಿನ ಮಡಿಕೆಯೇ ಆ ಕೆಲಸ ಮಾಡುತ್ತವೆ. ಹಾಗೆಂದು ನಾಳೆ ನೀವು ನಿಮ್ಮ ಕಾರಿನ ಸಸ್ಪೆನ್ಷನ್ ಕಿತ್ತು ಗುಜರಿಗೆ ಹಾಕುತ್ತೀರಾ?

ನಮ್ಮ ಕಾರಿನ ಲೆಕ್ಕ ಬೇರೆ

1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದ ಮೇಲೆ ನಮ್ಮ ಸಣ್ಣ ಕಾರುಗಳ ಜಾತಕವೇ ಬದಲಾಯಿತು. 800, ಜೆನ್, ಸ್ಯಾಂಟ್ರೊ, ಸ್ವಿಫ್ಟ್, ಪೋಲೊ, ಸಿಟಿ ಎಲ್ಲದರಲ್ಲೂ ಎಂಜಿನ್ ತಿರುಗಿಸುವುದು ಮುಂದಿನ ಚಕ್ರವನ್ನು. ನಮ್ಮ ಹುಡುಗರು ಸ್ಪರ್ಧೆಗೆ ತರುವ ಕಾರುಗಳಲ್ಲಿ ಬಹುಪಾಲು ಇಂಥವೇ. ಹಿಂದಕ್ಕೆ ಹೋದ ಆ 104 ಕಿಲೋ ಅವರಿಗೆ ಲಾಭ, ನಮಗೆ ನಷ್ಟ. ಅವರ ಮದ್ದು ನಮಗೆ ವಿಷ.

ಹಾಗಾದರೆ ನಾವು ಮಾಡಬೇಕಾದದ್ದೇನು?

ಒಂದು, ಕಾರನ್ನು ತಗ್ಗಿಸಿ. ಮೇಲಿನ ಲೆಕ್ಕದಲ್ಲಿ ಗುರುತ್ವ ಕೇಂದ್ರವನ್ನು 5 ಸೆಂಟಿಮೀಟರ್ ಇಳಿಸಿದರೆ 104 ಕಿಲೋ 94ಕ್ಕೆ ಇಳಿಯುತ್ತದೆ. ಹತ್ತು ಕಿಲೋ ಮುಂದೆಯೇ ಉಳಿಯಿತು. ಆದರೆ ಸ್ಪ್ರಿಂಗನ್ನು ಕಟ್ ಮಾಡಿ ತಗ್ಗಿಸುವ ಚಾಳಿ ಬೇಡ. ಮೂತಿ ಎದ್ದಾಗ ಕತ್ತರಿಸಿದ ಸ್ಪ್ರಿಂಗ್ ತನ್ನ ಸೀಟಿನಿಂದಲೇ ಕಳಚಬಹುದು.

ಎರಡು, ಹಿಂಭಾಗ ಕುಸಿಯದಂತೆ ನೋಡಿಕೊಳ್ಳಿ. ಹಿಂದೆ ಗಟ್ಟಿ ಸ್ಪ್ರಿಂಗ್. ಮುಂದೆ ತೂಗಾಟವನ್ನು ತಡೆಯುವ ಶಾಕ್ ಅಬ್ಸಾರ್ಬರ್. ಇಲ್ಲೊಂದು ತಪ್ಪು ತಿಳಿವಳಿಕೆ ತಿದ್ದಬೇಕು. ಸಸ್ಪೆನ್ಷನ್ ಭಾರವನ್ನು ಸೃಷ್ಟಿಸುವುದಿಲ್ಲ, ನುಂಗುವುದೂ ಇಲ್ಲ. ಒಟ್ಟು ಎಷ್ಟು ಭಾರ ಹಿಂದಕ್ಕೆ ಹೋಗಬೇಕೆಂದು ತೀರ್ಮಾನಿಸುವುದು ತೂಕ, ವೇಗ ಏರುವ ದರ, ಎತ್ತರ, ಅಂತರ ಈ ನಾಲ್ಕೇ. ಸಸ್ಪೆನ್ಷನ್ ತೀರ್ಮಾನಿಸುವುದು ಆ ಭಾರ ಹೇಗೆ ಹೋಗುತ್ತದೆ ಎಂಬುದನ್ನು. ಮೂತಿ ಎದ್ದು ಬಿದ್ದು ತೊಟ್ಟಿಲಿನಂತೆ ತೂಗಿದರೆ ಟೈರಿನ ಮೇಲಿನ ಭಾರವೂ ತೂಗುತ್ತದೆ. ಭಾರ ಇಳಿದ ಆ ಒಂದು ಕ್ಷಣದಲ್ಲೇ ಟೈರು ಹಿಡಿತ ಬಿಟ್ಟು ಗಿರಗಿರ ತಿರುಗುತ್ತದೆ.

ಮೂರು, ಭಾರ ಎಲ್ಲಿದೆ ನೋಡಿ. ಅಮೆರಿಕದವರು ಬ್ಯಾಟರಿಯನ್ನು ಡಿಕ್ಕಿಗೆ ಸಾಗಿಸಿದರೆಂದು ನಮ್ಮವರೂ ಸಾಗಿಸುತ್ತಾರೆ! ಮುಂದಿನ ಚಕ್ರ ಎಳೆಯುವ ಕಾರಿಗೆ ಬ್ಯಾಟರಿ ಮುಂದಿದ್ದರೇ ಚಂದ. ತೆಗೆಯುವುದಾದರೆ ಹಿಂದಿನ ಭಾರ ತೆಗೆಯಿರಿ. ನಿಯಮ ಒಪ್ಪಿದರೆ ಸ್ಟೆಪ್ನಿ, ಜಾಕು, ಹಿಂದಿನ ಸೀಟು.

ನಾಲ್ಕು, ಬುಷ್‌ಗಳು. ಲೋಯರ್ ಆರ್ಮಿನ ಬುಷ್ ಸವೆದಿದ್ದರೆ, ಎಂಜಿನ್ ಮೌಂಟಿಂಗ್ ಹರಿದಿದ್ದರೆ, ಹೊರಡುವಾಗ ಚಕ್ರ ಟಪಟಪನೆ ಕುಪ್ಪಳಿಸುತ್ತದೆ. ಡ್ರೈವ್ ಶಾಫ್ಟ್ ಮುರಿಯುವುದು ಆಗಲೇ. ಸಾವಿರಾರು ರೂಪಾಯಿಯ ಸ್ಪ್ರಿಂಗ್ ಕೊಳ್ಳುವ ಮೊದಲು ಜೆ.ಸಿ. ರಸ್ತೆಗೆ ಹೋಗಿ ಒಂದು ಜೊತೆ ಹೊಸ ಬುಷ್ ತಂದು ಹಾಕಿ ನೋಡಿ.

ಐದು, ಟೋ ಮತ್ತು ಗಾಳಿ. ಜೋರಾಗಿ ಎಳೆಯುವಾಗ ಮುಂದಿನ ಎರಡು ಚಕ್ರಗಳೂ ಮೂಗನ್ನು ಒಳಕ್ಕೆ ತಿರುಗಿಸಿಕೊಳ್ಳುತ್ತವೆ. ನಿಂತಾಗ ಒಂದಿಷ್ಟು ಹೊರಕ್ಕೆ ಇಟ್ಟರೆ ಓಡುವಾಗ ನೇರವಾಗುತ್ತವೆ. ಮುಂದಿನ ಟೈರಿನ ಗಾಳಿಯನ್ನು ಎರಡೆರಡೇ ಪಿ.ಎಸ್.ಐ. ಇಳಿಸುತ್ತ ನೋಡಿ. ಹಿಂದಿನದು ಗಟ್ಟಿಯಾಗಿರಲಿ.

ಮುಂದಿನ ಚಕ್ರದ ಕಾರುಗಳನ್ನು ಓಡಿಸುವ ಅಮೆರಿಕನ್ನರೂ ಇದನ್ನೇ ಮಾಡುತ್ತಾರೆ. ಹಿಂಬದಿಗೆ ಉದ್ದನೆಯ ಸರಳು ಕಟ್ಟಿ, ಅದರ ತುದಿಗೆ ಪುಟ್ಟ ಗಾಲಿ ಹಾಕಿ, ಮೂತಿ ಏಳದಂತೆ ತಡೆಯುತ್ತಾರೆ. ನಮ್ಮ ಹುಡುಗರು ನೋಡಬೇಕಾದ ವಿಡಿಯೋ ಅದು. ಅದರಲ್ಲಿ ಶೋಕಿ ಇಲ್ಲ, ಹಾಗಾಗಿ ಯಾರೂ ನೋಡುವುದಿಲ್ಲ.

ಅಂಬಾಸಿಡರ್ ಇದ್ದವರಿಗೆ

"ನಮ್ಮ ತಾತನ ಅಂಬಾಸಿಡರ್ ಇದೆ, ಪ್ರೀಮಿಯರ್ ಪದ್ಮಿನಿ ಇದೆ, ಅವು ಹಿಂದಿನ ಚಕ್ರದವು" ಎನ್ನುವವರೂ ಇದ್ದಾರೆ. ಸಂತೋಷ. ಆದರೆ ಅಲ್ಲೂ ಕಣ್ಣುಮುಚ್ಚಿ ನಕಲು ಮಾಡಬೇಡಿ.

ಈ ಕಾರುಗಳ ಹಿಂದೆ ಇರುವುದು ಒಂದರ ಮೇಲೊಂದು ಪಟ್ಟಿ ಜೋಡಿಸಿದ ಲೀಫ್ ಸ್ಪ್ರಿಂಗ್. ಜೋರಾಗಿ ಕ್ಲಚ್ ಬಿಟ್ಟರೆ ಆಕ್ಸಲ್ ತಿರುಚಿಕೊಂಡು ಪಟ್ಟಿಗಳು ಹಾವಿನಂತೆ ಸುಳಿಯುತ್ತವೆ, ಮತ್ತೆ ಸಡಿಲವಾಗಿ ಚಿಮ್ಮುತ್ತವೆ, ಚಕ್ರ ಕುಪ್ಪಳಿಸುತ್ತದೆ. ಆಕ್ಸಲ್ ತಿರುಚದಂತೆ ತಡೆಯುವ ಒಂದು ಗಟ್ಟಿ ಸರಳು ಬೇಕು.

ಇನ್ನೊಂದು ಸಂಗತಿ ಬಹಳ ಜನಕ್ಕೆ ಹೊಳೆಯುವುದಿಲ್ಲ. ಇಂಥ ಕಾರಿನಲ್ಲಿ ಎಂಜಿನ್ನಿನ ತಿರುಚು ಬಲ ಹಿಂದಿನ ಬಲ ಚಕ್ರವನ್ನು ನೆಲದಿಂದ ಎತ್ತಲು ನೋಡುತ್ತದೆ. ಅಮೆರಿಕದ ಕಾರಿನಲ್ಲಿ ಡ್ರೈವರ್ ಕೂರುವುದು ಎಡಕ್ಕೆ. ಹಾಗಾಗಿ ಅವರು ಬಲಗಡೆಯ ಸ್ಪ್ರಿಂಗನ್ನು ಹೆಚ್ಚು ಗಟ್ಟಿ ಮಾಡುತ್ತಾರೆ. ನಮ್ಮ ಡ್ರೈವರ್ ಕೂರುವುದೇ ಬಲಕ್ಕೆ. 70 ಕಿಲೋ ಆಳು ಎತ್ತುವ ಚಕ್ರದ ಕಡೆಯೇ ಕೂತಿರುವಾಗ ಅವರ ಅಳತೆಯಷ್ಟೇ ಗಟ್ಟಿ ಮಾಡಿದರೆ ಕಾರು ನೇರ ಹೋದೀತೇ? ಡ್ರೈವರನನ್ನು ಸೀಟಿನಲ್ಲಿ ಕೂರಿಸಿ ನಾಲ್ಕೂ ಚಕ್ರದ ಭಾರ ತೂಗಿ ನೋಡಿ, ಆಮೇಲೆ ಸ್ಪ್ಯಾನರ್ ಹಿಡಿಯಿರಿ.

ಒಂದು ನೋಟ್‌ಬುಕ್ ಸಾಕು

"ಇಷ್ಟೆಲ್ಲ ಏಕೆ? ಎಂಜಿನ್ನಿಗೆ ಇನ್ನೊಂದು ಲಕ್ಷ ಸುರಿದರಾಯಿತು" ಎನ್ನುವ ಬುದ್ಧಿವಂತರಿಗೆ ಒಂದು ಮಾತು. ಸ್ಪರ್ಧೆಯಲ್ಲಿ ಮೊದಲ 60 ಅಡಿಗೆ, ಅಂದರೆ 18 ಮೀಟರಿಗೆ, ಬೇರೆಯೇ ಸಮಯ ಬರೆದುಕೊಳ್ಳುವ ರೂಢಿಯಿದೆ. ಅಲ್ಲಿ ಉಳಿಸಿದ ಸೆಕೆಂಡಿನ ಹತ್ತನೇ ಒಂದು ಭಾಗ ಕೊನೆಯ ಗೆರೆ ಮುಟ್ಟುವಾಗ ಅದರ ಒಂದೂವರೆ, ಎರಡು ಪಟ್ಟು ಆಗುತ್ತದೆಂಬುದು ರೇಸಿನವರ ಅನುಭವದ ಲೆಕ್ಕ. ಆ 18 ಮೀಟರಿನಲ್ಲಿ ಆಳುವುದು ಹಿಡಿತ. ಟೈರು ತಿರುಗುತ್ತಿರುವಾಗ ಎಂಜಿನ್ನಿಗೆ ಇನ್ನಷ್ಟು ಶಕ್ತಿ ಕೊಟ್ಟರೆ ಹೆಚ್ಚುವುದು ಹೊಗೆ ಮಾತ್ರ.

ಬೇಕಾದ ಸಾಮಾನು ದುಬಾರಿಯದಲ್ಲ. ಒಂದು ನೋಟ್‌ಬುಕ್. ಒಂದು ಅಳತೆ ಟೇಪು. ಗಾಳಿ ನೋಡುವ ಒಂದು ಒಳ್ಳೆಯ ಗೇಜು. ಪಕ್ಕದಿಂದ ನಿಧಾನಗತಿಯ ವಿಡಿಯೋ ತೆಗೆಯಲು ನಿಮ್ಮ ಕೈಯಲ್ಲಿರುವ ಅದೇ ಮೊಬೈಲು. ಶಾಕ್ ಅಬ್ಸಾರ್ಬರಿನ ರಾಡಿಗೆ ಬಿಗಿಯುವ ಒಂದು ಪ್ಲಾಸ್ಟಿಕ್ ಟ್ಯಾಗು. ಓಟ ಮುಗಿದ ಮೇಲೆ ಅದು ಎಲ್ಲಿಗೆ ಸರಿದಿದೆ ನೋಡಿದರೆ ಹಿಂಭಾಗ ಎಷ್ಟು ಕುಸಿಯಿತೆಂದು ತಿಳಿಯುತ್ತದೆ. ಪ್ರತಿ ಸಲ ಒಂದೇ ಒಂದು ಬದಲಾವಣೆ. ಓಡಿಸಿ, ಬರೆಯಿರಿ, ಹೋಲಿಸಿ. ಮೂರು ಬದಲಾವಣೆ ಒಟ್ಟಿಗೆ ಮಾಡಿದವನು ಗೆದ್ದರೂ ಏಕೆ ಗೆದ್ದೆನೆಂದು ಹೇಳಲಾರ.

ಈಗ ಜೀವದ ಮಾತು

ಕೊನೆಗೆ ಹೇಳುತ್ತೇನೆಂದಿದ್ದೆನಲ್ಲ, ಈಗ ಕೇಳಿ. ಇಷ್ಟು ಹೊತ್ತು ನಾನು ಹೇಳಿದ ಈ ಹದ ನೇರ ದಾರಿಗೆ ಮಾತ್ರ. ಹಿಂದೆ ಗಟ್ಟಿ ಸ್ಪ್ರಿಂಗ್, ಗಟ್ಟಿ ಗಾಳಿ, ಖಾಲಿ ಡಿಕ್ಕಿ. ಅದೇ ಕಾರನ್ನು ಮಳೆ ಬಿದ್ದ ಫ್ಲೈಓವರಿನ ತಿರುವಿಗೆ ತನ್ನಿ. ಹೆದರಿ ಆಕ್ಸಿಲರೇಟರ್ ಬಿಟ್ಟ ಗಳಿಗೆಯಲ್ಲಿ ಹಿಂಭಾಗ ಹಗುರಾಗಿ ಬಾಲ ಬೀಸಿಬಿಡುತ್ತದೆ. ಕಂಪನಿಯವರು ನಿಮ್ಮ ಕಾರಿನ ಹಿಂಭಾಗವನ್ನು ಮೆತ್ತಗಿಟ್ಟದ್ದು ದಡ್ಡತನದಿಂದಲ್ಲ, ನಿಮ್ಮ ಮನೆಯವರು ನಿಮಗಾಗಿ ಕಾಯುತ್ತಿರುತ್ತಾರೆಂದು.

ಆದರೂ ನಮ್ಮ ಹುಡುಗರು ಇಂಥ ಕಾರನ್ನು ಪರೀಕ್ಷೆ ಮಾಡುವುದೆಲ್ಲಿ? ನಡುರಾತ್ರಿ ಏರ್‌ಪೋರ್ಟ್ ರಸ್ತೆಯಲ್ಲಿ, ನೈಸ್ ರಸ್ತೆಯಲ್ಲಿ! ಅಲ್ಲಿ ಅಂಗಡಿ ಮುಚ್ಚಿ ಸೈಕಲ್ಲಿನಲ್ಲಿ ಮನೆಗೆ ಹೊರಟ ಬಡವ ಇರುತ್ತಾನೆ. ನಿಮ್ಮ ಸೆಕೆಂಡಿನ ಹತ್ತನೇ ಭಾಗಕ್ಕೆ ಅವನೇಕೆ ಬೆಲೆ ತೆರಬೇಕು? 1988ರ ಮೋಟಾರು ವಾಹನ ಕಾಯ್ದೆಯ 189ನೇ ಕಲಂ ಸಾರ್ವಜನಿಕ ರಸ್ತೆಯ ರೇಸನ್ನು ಅಪರಾಧವೆಂದಿದೆ. 2019ರ ತಿದ್ದುಪಡಿಯ ಮೇಲೆ ಮೊದಲ ತಪ್ಪಿಗೇ ಮೂರು ತಿಂಗಳವರೆಗೆ ಜೈಲು, ಐದು ಸಾವಿರದವರೆಗೆ ದಂಡ. ಕಾನೂನಿನ ಭಯ ಒಂದು ಕಡೆ ಇರಲಿ, ನಿಮ್ಮ ಆತ್ಮಸಾಕ್ಷಿ ಏನು ಹೇಳುತ್ತದೆ?

ಹುಡುಗರಿಗೆ ಬೈದು ಸುಮ್ಮನಾಗುವುದೂ ಸರಿಯಲ್ಲ. ಅಮೆರಿಕದಲ್ಲೂ ಒಂದು ಕಾಲಕ್ಕೆ ಹುಡುಗರು ಬೀದಿಯಲ್ಲೇ ಓಡಿಸುತ್ತಿದ್ದರು. 1951ರಲ್ಲಿ ವಾಲಿ ಪಾರ್ಕ್ಸ್ ಎಂಬ ಪತ್ರಿಕಾ ಸಂಪಾದಕ ಅವರನ್ನು ಕೂಡಿಸಿ ಎನ್.ಎಚ್.ಆರ್.ಎ. ಎಂಬ ಸಂಘ ಕಟ್ಟಿದ. 1953ರಲ್ಲಿ ಕ್ಯಾಲಿಫೋರ್ನಿಯಾದ ಪೊಮೊನಾದಲ್ಲಿ, ಜಾತ್ರೆ ಮೈದಾನದ ಪಾರ್ಕಿಂಗ್ ಜಾಗದಲ್ಲಿ, ಆ ಸಂಘದ ಮೊದಲ ಅಧಿಕೃತ ಸ್ಪರ್ಧೆ ನಡೆಯಿತು. ಅದಕ್ಕೆ ಬೆಂಬಲವಾಗಿ ನಿಂತವರಲ್ಲಿ ಅಲ್ಲಿನ ಪೊಲೀಸರೇ ಇದ್ದರು! 1955ರ ಮೊದಲ ರಾಷ್ಟ್ರೀಯ ಸ್ಪರ್ಧೆ ನಡೆದದ್ದು ಕಾನ್ಸಾಸಿನ ಒಂದು ವಿಮಾನ ಪಟ್ಟಿಯ ಮೇಲೆ. ಅಮೆರಿಕದಿಂದ ನಕಲು ಮಾಡಲೇಬೇಕೆಂದಿದ್ದರೆ, ಮಹಾಶಯರೇ, ಇದನ್ನು ಮಾಡಿ.

ಮದ್ರಾಸಿನವರು 1990ರಲ್ಲೇ ಶ್ರೀಪೆರಂಬುದೂರಿನ ಬಳಿ ತಮ್ಮದೇ ರೇಸ್ ಟ್ರ್ಯಾಕ್ ತೆರೆದರು. ಅವರನ್ನು ಕಂಡು ಹೊಟ್ಟೆ ಉರಿಸಿಕೊಳ್ಳಬೇಕಿಲ್ಲ, ಕಲಿಯಬೇಕು. ಡ್ರ್ಯಾಗ್ ರೇಸಿಗೆ ಅಷ್ಟು ದೊಡ್ಡ ಟ್ರ್ಯಾಕೂ ಬೇಡ. 402 ಮೀಟರ್ ಓಡಲು, ಅದಕ್ಕಿಂತ ಹೆಚ್ಚು ಉದ್ದ ನಿಲ್ಲಲು, ಒಟ್ಟು ಒಂದು ಕಿಲೋಮೀಟರ್ ನೇರ ಡಾಂಬರು. ಎರಡೂ ಬದಿ ತಡೆಗೋಡೆ, ಒಂದು ಆಂಬ್ಯುಲೆನ್ಸ್. ನಮ್ಮ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಗೆ ಇದು ಭಾರವೇ? ತಿಂಗಳಿಗೆ ಎರಡು ಭಾನುವಾರ ಅದನ್ನು ತೆರೆದಿಟ್ಟರೆ ರಾತ್ರಿ ರಸ್ತೆಗಿಳಿಯುವವರಲ್ಲಿ ಹಲವರು ಹಗಲು ಅಲ್ಲಿಗೆ ಬಂದಾರು.

ಕೇಳಬೇಕಾದವರು ನೀವು. ನಿಮ್ಮ ಕ್ಷೇತ್ರದ ಶಾಸಕರಿಗೆ ಬರೆಯಿರಿ, ಸಹಿ ಹಾಕಿಸಿ, ಇಲಾಖೆಯ ಬಾಗಿಲು ತಟ್ಟಿ. ಕನ್ನಡದಲ್ಲೇ ಬರೆಯಿರಿ. ಮೇಲಿನ ಲೆಕ್ಕವನ್ನೆಲ್ಲ ಕನ್ನಡದಲ್ಲೇ ಹೇಳಿದೆ, ಎಲ್ಲಾದರೂ ತೊಡಕಾಯಿತೇ?

ಅಲ್ಲಿಯವರೆಗೆ ಸ್ಪರ್ಧೆಯ ಕಾರನ್ನು ಸ್ಪರ್ಧೆಗೇ ಇಡಿ. ಮನೆಗೆ ಹೋಗುವ ಕಾರಿನ ಸ್ಪ್ರಿಂಗ್ ಕಂಪನಿಯದೇ ಇರಲಿ. ಮುಂದಿನ ಭಾನುವಾರ ಗ್ಯಾರೇಜಿಗೆ ಹೋದಾಗ ಮೊಬೈಲು ಜೇಬಿನಲ್ಲಿಟ್ಟು, ನೋಟ್‌ಬುಕ್ ತೆಗೆದು, ಆ ಮೆಕ್ಯಾನಿಕ್ ಅಣ್ಣನನ್ನು ಮೊದಲು ಇಷ್ಟು ಕೇಳಿ: "ಅಣ್ಣಾ, ನನ್ನ ಕಾರಿನ ಬುಷ್ ಹೇಗಿದೆ?"